ಗಾಳಿಯ ಅಳತಿ

ಕಾಯ್ತಾನಬಾಬ ಬಂದು ಮಿಷನ್ ಮುಂದ ನಿಂತಾಗ
ನಾನು ಯಾರದೋ ಕುಬಸದ ಕಂಕುಳ ಬಿಚ್ಚಾಕ ಹತ್ತಿದ್ದೆ.
ಅವನ ಬಗಲಾಗ ಹದಿನೈದು ಹಳೇ ಛತ್ರಿ, ಕಡ್ಡಿ ಮುರಿದವು.
"ಹಾಯಿ ಹೊಲಿಬೇಕು, ಬಾಯಿ. ಆರು."
ದೋಣಿ ಎಲ್ಲೈತಿ ಅಂದೆ.
ಬೆರಳು ಮ್ಯಾಲ ಮಾಡಿದ.

ಬಾಯ್ಣಾದ ಈ ಓಣ್ಯಾಗ ಅವನದೊಂದ ಮನಿಗೆ ಗಚ್ಚಿನ ಮಾಳಗಿ.
ನೀರಿನ ಟಾಕಿ ಪಕ್ಕ ಕಬ್ಬಿಣದ ಕೊಳವಿ ನೆಟ್ಟಗ ನಿಂತಿತ್ತು.
ಬುಡಕ್ಕ ಸ್ಕೂಟರಿನ ಹಿಂದಿನ ಗಾಲಿಯ ಹಬ್ಬು,
ಸುತ್ತ ಪರದೆ ರಾಡಿನ ಆರು ಕೈ,
ಕೆಳಗ ವೆರ್ಣಾದ ಗುಜರಿಯೊಳಗ ಸಿಕ್ಕ ಟ್ರೆಡ್‌ಮಿಲ್ ಮೋಟರು.
ಎಷ್ಟು ಮಂದಿ ಅದರ ಮ್ಯಾಲ ಓಡಿ ಓಡಿ
ನಿಂತಲ್ಲೇ ನಿಂತಿದ್ದರೋ.

ಮೂವತ್ತೊಂದು ವರ್ಷ ಹಡಗಿನ ಹೊಟ್ಟಿಯೊಳಗ
ಎಂಜಿನ್ನಿಗೆ ಎಣ್ಣಿ ಬಿಟ್ಟ ಮನಷ್ಯಾ.
ಅಷ್ಟು ಸಮುದ್ರ ತಿರುಗಿದರೂ ಗಾಳಿ ಅಂದರೇನಂತ
ಪಿಂಚಣಿ ಬಂದ ಮ್ಯಾಲ ಗೊತ್ತಾತಂತ ಅವಗ.
"ಇದಕ್ಕ ಮುಖ ಇಲ್ಲ, ಬಾಯಿ.
ಬಂದರದ ಕಡೆಯಿಂದ ಕಲ್ಲಿದ್ದಲಿ ಧೂಳು ತರಲಿ,
ದಂಡಿ ಕಡೆಯಿಂದ ಒಣಮೀನಿನ ವಾಸನಿ ತರಲಿ,
ಇದು ತಿರಗೂದು ಒಂದ ದಿಕ್ಕಿಗೆ."

ಅಂವ ಬರಕೊಟ್ಟ ಅಳತಿ:
ಉದ್ದ ಒಂದು ಮೀಟರು, ಅಗಲ ಅರ್ಧ. ನಾಕು ಮೂಲಿ.
ಹೊಲಿದು ಕೊಟ್ಟೆ. ಅಂಚಿಗೆ ಮೀನಬಲಿಯ ದಾರ ಸೇರಿಸಿ.

ತಿರಗಲಿಲ್ಲ.
ಗಿಡಗ ಕಂಡ ಪಾರಿವಾಳದಂಗ ಪಟಪಟ ಬಡಕೊಂಡವು ಅಷ್ಟ.
ಎರಡು ದಿನ ಬೇರಿಂಗಿಗೆ ಎಣ್ಣಿ ಬಿಟ್ಟ.
ಅವಗ ತಿಳಿಯೂ ಔಷಧ ಅದೊಂದ.

ಮೂರನೇ ದಿನ ಅರವಿ ಒಣ ಹಾಕಾಕ ಹೋದಾಕಿ
ನಿಂತು ನೋಡಿದೆ.
ಚಪ್ಪಟ ಬಟ್ಟಿ. ಒಳಗ ಯಾರೂ ಇರಾಂಗಿಲ್ಲ.
"ಟಕ್ಸ ಹಿಡಿದಿಲ್ಲ ಬಾಬಾ, ಎದಿ ಎಲ್ಲಿ ಕೂಡಬೇಕು?" ಅಂದೆ.
ಅವಗ ತಿಳಿಲಿಲ್ಲ. ಅವನ ಹೇಂತಿ ಎಸ್ಮೆರಾಲ್ಡಾಗ ತಿಳೀತು,
ಮುಂಗೈ ಬಾಯಿಗೆ ಒತ್ತಿ ನಕ್ಕಳು.

ಒಂದು ಹಳೇ ಲುಂಗಿ. ಎರಡು ಮೂಲಿ ಅಂವ, ಎರಡು ನಾನು.
ಸಂಜಿ ಐದಕ್ಕ ಗಾಳಿ ಬಂದು ಅದರಾಗ ಕುಂತಿತು.
ಎಸ್ಮೆರಾಲ್ಡಾ ನನ್ನ ಟೇಪು ಹಿಡದು
ಗಾಳಿಯ ಅಳತಿ ತಗೊಂಡಳು.
ಟೇಪಿನ ಅಂಕಿ ಅಳಿಸಿದ್ದವು, ಅದಕ್ಕ ಕೈಯಿಂದ ಅಳದು ಹೇಳಿದಳು:
ಆಳ ಒಂದು ಗೇಣು, ಮ್ಯಾಲ ನಾಕು ಬೆರಳು.

ಆರೂ ಬಿಚ್ಚಿದೆ. ಆರಕ್ಕೂ ಟಕ್ಸ ಹಿಡಿದೆ.

ಹೋಗೂವಾಗ ತುಂಬಿದ ಬಸರಿ,
ಬರೂವಾಗ ಖಾಲಿ ಚೀಲ.
ತುಂಬಿದ್ದು ದೂಡತೈತಿ, ಜೋತದ್ದು ದಾರಿ ಬಿಡತೈತಿ.
ಎರಡೂ ಕಡೆ ತುಂಬಿದ್ದರ ನಿಂತ ಬಿಡತಿತ್ತಂತ.
ಅಂವ ಹೇಳತಿದ್ದ, ನಾನು ಕೇಳತಿರಲಿಲ್ಲ.
ನನ್ನ ಹೊಲಿಗಿ ತಿರಗೂದು ನೋಡತಿದ್ದೆ,
ಕಾಜಾ ಹಾಕಿದ ಜಾಗಾ ಒಂದೊಂದ ಗುರ್ತ ಹಿಡಕೋತ.

ವೈರು ನನ್ನ ಖೋಲಿಗೇ ಇಳಿಸಿದ. ಮಿಷನ್ ಮ್ಯಾಲ ಒಂದು ಬಲ್ಬು.
ಬ್ಯಾಟರಿ ಮುಂದಿನ ತಿಂಗಳು ಅಂದ, ಯಾವ ತಿಂಗಳೋ.
ಅಲ್ಲೀಮಟ ಬೀಸಿದಷ್ಟ ಬೆಳಕು.
ಸೂಜಿಯ ಕಣ್ಣಿಗೆ ದಾರ ಹಿಡದು
ಈಗ ಗಾಳಿ ಕಾಯತೀನಿ.
ನನ್ನ ಮಗ ಪಾಡು ಪುಸ್ತಕ ಹಿಡಕೊಂಡು ಬಂದು ಕುಂದರತಾನ,
ಜೋರು ಬೀಸಿದಾಗ ಒಂದು ಸಾಲು ಓದತಾನ,
ನಿಂತಾಗ ಅದನ್ನ ಬಾಯಿಪಾಠ ಮಾಡತಾನ.

ಜೂನ್ ಮೊದಲನೇ ವಾರ ಬಿಚ್ಚಿ ಇಳಿಸಿದೆವು.
ಮಳಿಗಾಳಿಗೆ ಈ ಅಳತಿ ಸಾಲಾಂಗಿಲ್ಲ.
ಮಡಚಿ ಇಟ್ಟೆ, ಬ್ಲೌಜ್ ಪೀಸಿನ ನಡುವ.

ಮೊನ್ನೆ ದಾಬೋಳಿಯಿಂದ ಬಂದಾಕಿ ಒಬ್ಬಾಕಿ
ಒಂದನ್ನ ಎತ್ತಿ ಹಿಡದು ಗಾಬರಿ ಆದಳು.
"ಯಾರದವ್ವಾ ಇದು, ಇಷ್ಟು ದೊಡ್ಡದು?"
ಅಳತಿ ಪುಸ್ತಕ ತೆಗೆದು ತೋರಿಸಿದೆ,
ಗಂಗವ್ವ ಬಳಿಗಾರ ಆದಮ್ಯಾಲ, ಸರೋಜಾ ನಾಯ್ಕಳ ಮೊದಲು:

ಹೆಸರು: ಗಾಳಿ.
ಎದಿ: ಒಂದು ಗೇಣು ನಾಕು ಬೆರಳು.
ತೋಳು: ಬ್ಯಾಡ.
ಕೊಡೂದು: ಸಪ್ಟಂಬರದಾಗ, ಮಳಿ ನಿಂತ ಮ್ಯಾಲ.
ಕೂಲಿ: