ಹೊನ್ನಾವರದ ನಂಬರು

ಜೆ.ಸಿ. ರೋಡಿನ ಹಿಂದಿನ ಗಲ್ಲಿಯಲ್ಲಿ
ಇಪ್ಪತ್ತೆರಡು ಸಾವಿರಕ್ಕೆ ಕೊಂಡ ಸ್ಕೂಟರು.
ಬಾಡಿಗೆಗಿದ್ದ ಗಾಡಿ. ನಂಬರ್ ಪ್ಲೇಟಿನ ಕಪ್ಪಿಗೆ
ಬಿಳಿ ಬಳಿದಿದ್ದಾರೆ,
ಅಂಚಿನಲ್ಲಿ ಹಳದಿ ಇನ್ನೂ ಇಣುಕುತ್ತದೆ.

ಇಲಿಯಾಸ್ ಅದನ್ನು ಒರಗಿಸಿ, ಬಗ್ಗಿ,
ಮಗುವಿನ ಬಾಯಿ ತೆರೆಸಿ ನೋಡುವ ಹಾಗೆ ನೋಡಿದ.
"ಹಿಂದಿನ ಬ್ರೇಕು ಪೂರ್ತಿ ಸವೆದಿದೆ ಮೇಡಂ.
ಎಲ್ಲೋ ದೊಡ್ಡ ಇಳಿಜಾರು, ದಿನಾ ಇಳಿದಿದೆ.
ಎಡಗನ್ನಡಿ ಮೂರು ಸಲ ಬದಲಾಗಿದೆ:
ದಾರಿ ಸಣ್ಣದು, ಎದುರಿಗೆ ಬಸ್ಸು ಬರತ್ತೆ.
ಹಾರ್ನ್ ಮಾತ್ರ ಹೊಸದರ ಹಾಗಿದೆ.
ದನ ಮಲಗಿರೋ ಕಡೆ ಹೊಡೆದು ಏನು ಪ್ರಯೋಜನ?"
ಏರ್ ಫಿಲ್ಟರ್ ಕೊಡವಿದ.
ಪೇಪರಿನ ಮೇಲೆ ಒಂದು ಹಿಡಿ ಮರಳು,
ಮರಳಿನಲ್ಲಿ ಯಾರದೋ ಓಲೆಯ ತಿರುಪು.

ನಾನು ಮನೆಮನೆಗೆ ಹೋಗಿ ರಕ್ತ ತೆಗೆಯುವವಳು.
ಐದೂವರೆಗೆ ಶುರು. ಕಾಫಿ ಕುಡಿಯದೆ
ಸಿಡುಕುತ್ತ ಕೂತಿರುತ್ತಾರೆ ಸಕ್ಕರೆಯವರು.
ಕಾಲ ಬಳಿ ಐಸ್ ಡಬ್ಬ, ಅದರೊಳಗೆ
ಹೆಸರು ಅಂಟಿಸಿದ ಕೊಳವೆಗಳು.
ಇನ್ನೂರು ಮೀಟರಿನಲ್ಲಿ ಬಲಕ್ಕೆ ಎನ್ನುತ್ತದೆ ಫೋನು.
ಬಲಕ್ಕೆ ಯಾವಾಗಲೂ ಮೆಟ್ರೋದವರು ಅಗೆದಿರುತ್ತಾರೆ.

ಸೀಟಿನಡಿ ಸಿಕ್ಕಿತ್ತು ಒಂದು ಜೆರಾಕ್ಸ್ ಕಾಗದ,
ಕೈಯಲ್ಲಿ ಬರೆದ ನಕಾಶೆ.
ಊರಿನ ಹೆಸರು ಮಡಿಕೆಯಲ್ಲಿ ಹರಿದಿದೆ.
ಅಂಗಡಿಯಿಂದ ಬಲಕ್ಕೆ.
ಅರಳಿಮರದ ಹತ್ತಿರ ಎಡಕ್ಕೆ.
ಮುಂದೆ ಇಳಿಜಾರು, ನಿಧಾನ.
ಮೀನಿನ ವಾಸನೆ ಬಂದರೆ ದಾರಿ ಸರಿ.
ತೆಂಗಿನ ಸಾಲು ಮುಗಿದಲ್ಲಿ ಗಾಡಿ ನಿಲ್ಲಿಸಿ,
ಮರಳಿಗೆ ಇಳಿಸಬೇಡಿ, ಹೂತರೆ ಐನೂರು.
ಏಳರೊಳಗೆ ವಾಪಸ್ಸು.

ಎಷ್ಟು ದೂರ ಅಂತ ಎಲ್ಲೂ ಬರೆದಿಲ್ಲ.

ಒಂದು ಭಾನುವಾರ ಸ್ಯಾಂಪಲ್ ಒಪ್ಪಿಸಿ
ಫೋನು ಬ್ಯಾಗಿಗೆ ಹಾಕಿ
ಆ ಕಾಗದ ಹಿಡಿದು ಹೊರಟೆ. ಲ್ಯಾಬಿನಿಂದ ಬಲಕ್ಕೆ.
ಅರಳಿಮರಕ್ಕೇನು ಬರ ಈ ಊರಲ್ಲಿ?
ನಾಗರಕಲ್ಲುಗಳ ಪಕ್ಕ ಟ್ರಾನ್ಸ್‌ಫಾರ್ಮರ್ ಕಟ್ಟಿಕೊಂಡು
ನಿಂತಿತ್ತು ಒಂದು. ಎಡಕ್ಕೆ.
ಇಳಿಜಾರು ಬಂತು.
ಬ್ರೇಕು ನನಗಿಂತ ಮೊದಲೇ ಹಿಡಿಯಿತು
ಅನ್ನಿಸಿತು, ಇರಲಿಕ್ಕಿಲ್ಲ.
ಸುಮಾರು ಸುತ್ತಿದೆ. ಆಮೇಲೆ
ವಾಸನೆ ಬಂತು.

ಶಿವಾಜಿನಗರ. ರಾತ್ರಿ ಲಾರಿಯಲ್ಲಿ ಬಂದ ಬಂಗುಡೆ
ಐಸಿನ ಪುಡಿಯಲ್ಲಿ ಒಂದೇ ಕಡೆ ಮುಖ ಮಾಡಿ ಮಲಗಿದ್ದವು.
ಕತ್ತಿ ಕೆಳಗಿಟ್ಟು ಒಬ್ಬ ಎದ್ದು ಬಂದ,
ನನ್ನ ಮುಖ ನೋಡದೆ ಪ್ಲೇಟು ನೋಡಿದ.
"ನಮ್ ಬದಿ ಗಾಡಿ."

ದಾಮು ಹರಿಕಂತ್ರ ಅಂತ ಹೆಸರು.
ಕಾಗದ ಕೊಟ್ಟೆ. "ಗಜನ ಅಕ್ಷರ ಇದು," ಅಂದ,
"ಳ ನೋಡಿ, ಹಗ್ಗ ಸುತ್ತಿಟ್ಟಂಗೆ ಬರಿತಾ."
ಅವನ ಒದ್ದೆ ಬೆರಳು ಅರಳಿಮರದಿಂದ ಇಳಿದು
ತೆಂಗಿನ ಸಾಲಿಗೆ ಮುಂಚೆಯೇ ನಿಂತಿತು.
"ಇಲ್ಲಿಂದ ಆಚಿಗೆ ಈಗ ರಸ್ತೆ ಇಲ್ಲ.
ಹೋದ ಮಳೆಗಾಲ ಸಮುದ್ರ ತಕಂಡೋಯ್ತು.
ಜನ ಬರೂದು ನಿಂತ್ತು. ಅದ್ಕೇ ಗಜ
ಗಾಡಿ ಎಲ್ಲ ಮಾರ್ದ."

ಬೆರಳು ತೆಗೆದ. ಆ ಜಾಗದಲ್ಲಿ ಕಾಗದ ಉಬ್ಬಿತ್ತು.

ನಾನು ಮೀನು ತಿನ್ನುವವಳಲ್ಲ, ಹೇಳಿದೆ.
ಎರಡು ಬಂಗುಡೆ ಸುತ್ತಿದ.
"ನಿಮಗಲ್ಲ, ಗಾಡಿಗೆ." ದುಡ್ಡು ಮುಟ್ಟಲಿಲ್ಲ.

ಖಾಲಿ ಐಸ್ ಡಬ್ಬದಲ್ಲಿಟ್ಟುಕೊಂಡು ಬಂದೆ.
ಲ್ಯಾಬಿನಲ್ಲಿ ಗೊತ್ತಾದರೆ ಕೆಲಸ ಹೋದೀತು.
ರಿಚ್‌ಮಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ
ಹಿಂದಿನವನು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದ.
ಕಾಲಡಿಯ ಮ್ಯಾಟಿನ ಮೇಲೆ ಮತ್ತೆ ಮರಳು,
ಅಷ್ಟು ತೊಳೆದ ಮೇಲೂ.

ಇಲಿಯಾಸನ ಮನೆಗೆ ಕೊಟ್ಟು ಹೋಗೋಣವೆಂದು ತಿರುಗಿಸಿದೆ.
ಎದುರಿಗೆ ಬಸ್ಸು.
ಎಡಗನ್ನಡಿ ಈ ಸಲ ಸ್ವಲ್ಪದರಲ್ಲಿ ಉಳಿಯಿತು.