ಅರೆ ಉಸಿರಿನ ಬೆಂಕಿ

ಸಹಮ್ ಊರಾಚೆ, ಬಾತಿನಾ ಕರಾವಳಿಯ ಉಪ್ಪುಮಣ್ಣಲ್ಲಿ
ಕಡಿದು ಒಟ್ಟಿದ್ದಾರೆ ಬಳ್ಳಾರಿ ಜಾಲಿ.
ಇಲ್ಲಿ ಅದಕ್ಕೆ ಬೇರೆ ಹೆಸರು. ಮುಳ್ಳಿಗೆ ಮಾತ್ರ ಅದೇ ಭಾಷೆ:
ಮೊದಲ ದಿನವೇ ಬೂಟಿನ ಅಟ್ಟೆ ತೂರಿ
ಯಾವೂರು ಅಂತ ಕೇಳಿತು.
ಸಿರುಗುಪ್ಪ, ಅಂದೆ, ಕುಂಟುತ್ತ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ
ಎಣ್ಣೆಯ ನಾಡಲ್ಲಿ ನಮಗೆ ಕೊಟ್ಟ ಕೆಲಸ
ಸೌದೆಯಿಂದ ಗ್ಯಾಸು ತೆಗೆಯುವುದು.
ಕುಂದಾಪುರದ ಲಿಗೋರಿ ನಕ್ಕು ವೆಲ್ಡಿಂಗ್ ಕನ್ನಡಕ ಒರೆಸಿಕೊಂಡ:
'ಮೀನು ಮಾರ್ಕೆಟ್ಟಲ್ಲಿ ಕೂತು ಗಾಳ ಹಾಕುದು, ಮಾರಾಯ.'

ವಿದ್ಯೆ ಇಷ್ಟೇ:
ಬೆಂಕಿಗೆ ಹೊಟ್ಟೆ ತುಂಬ ಗಾಳಿ ಕೊಡಬಾರದು.
ಅಮ್ಮನ ಊದುಗೊಳವೆಗೆ ಪೂರಾ ಉಲ್ಟಾ.
ಬೇಕಾದ ಉಸಿರಲ್ಲಿ ಮೂರರಲ್ಲೊಂದು ಪಾಲು,
ಅದೂ ಐದು ಸಣ್ಣ ತೂತಿನಿಂದ.
ಆಗ ಕಟ್ಟಿಗೆ
ಉರಿಯಲಾರದೆ, ಆರಲೂ ಆಗದೆ
ಒಳಗಿದ್ದದ್ದನ್ನೆಲ್ಲ ಬಿಟ್ಟುಕೊಡುತ್ತದೆ.
ಕೆಂಡದ ಗಂಟಲಿಳಿದು, ಇದ್ದಿಲ ಹಾಸು ದಾಟಿ ಬರುವ ಗಾಳಿಯಲ್ಲಿ
ಒಂದು ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.
ಎದೆಗೆ ಸಿಕ್ಕಿಸಿದ ಪೆಟ್ಟಿಗೆ ಕೀಂ ಅಂದರೆ ಓಡಬೇಕು.
ಊರಲ್ಲಿ 'ಹೊಗೆ ಹಾಕಿಸಿಕೊಂಡ' ಅಂದರೆ ಸತ್ತ ಅಂತ;
ಇದು ಹೊಗೆಯನ್ನೂ ತೋರಿಸುವುದಿಲ್ಲ.

ಹನ್ನೊಂದು ದಿನ ಬರೀ ಡಾಂಬರು.
ಪೈಪು ಕಟ್ಟಿತು, ಎಂಜಿನ್ ಕೆಮ್ಮಿತು,
ಚಕ್ಕೆಗಳು ಡ್ರಮ್ಮಿನ ಹೊಟ್ಟೆಯಲ್ಲಿ ಕಮಾನು ಕಟ್ಟಿ ಕೂತವು,
ಸಲಾಕೆ ಹಾಕಿ ತಿವಿದೆವು.
ಹಸಿ ಸೌದೆ, ಅಂದ ಹುಮೈದ್.
ಈ ಬಿಸಿಲಲ್ಲೂ?
ಸೀಳಿ ನೋಡಿದರೆ ಹೌದು, ತಿರುಳು ತಣ್ಣಗೆ.
ಆ ಬೇರು ಎಷ್ಟು ಆಳದಲ್ಲಿ ಕುಡಿದಿತ್ತೋ.

ಹನ್ನೆರಡನೆಯ ಮಧ್ಯಾಹ್ನ
ಹುಮೈದ್ ಕೊಳವೆಯ ಬಾಯಿಗೆ ಉರಿ ಹಿಡಿದ.
ಏನೂ ಕಾಣಲಿಲ್ಲ. ಬಿಸಿಲೋ ಬಿಸಿಲು.
ಲಿಗೋರಿ ಟೊಪ್ಪಿ ತೆಗೆದು ಅಡ್ಡ ಹಿಡಿದ.
ಟೊಪ್ಪಿಯ ನೆರಳಲ್ಲಿ
ಅಗಸೆ ಹೂವಿನ ನೀಲಿ, ನಡುಗದೆ, ಸದ್ದಿಲ್ಲದೆ.
ಅಂಚು ಸುಟ್ಟ ಮೇಲೆ ನಂಬಿದೆವು.

ಪಂಪು ಓಡಿತು. ಸಪ್ಪೆಯೂ ಅಲ್ಲದ ಉಪ್ಪೂ ಅಲ್ಲದ ನೀರು
ಖರ್ಜೂರದ ಬುಡಕ್ಕೆ ಹೋಯಿತು.
ಫೋಟೋ ತೆಗೆದುಕೊಂಡು ಕಂಪನಿಯವರೂ ಹೋದರು.

ಝುವೈನಾ ಅಜ್ಜಿ ದಿನಾ ಸಂಜೆ ಬರುತ್ತಾಳೆ,
ಹಾಲಿನ ಪುಡಿಯ ಹಳೇ ಡಬ್ಬಿ ಹಿಡಿದು.
ಗ್ಯಾಸು, ಪಂಪು ಅವಳಿಗೆ ಬೇಡ.
ಬೂದಿಬಾಗಿಲಿಂದ ಉದುರಿದ ಇದ್ದಿಲು ಆರಿಸುತ್ತಾಳೆ,
ಉಗುರಲ್ಲಿ ತಟ್ಟಿ, ಟಿಣ್ ಅಂದದ್ದು ಮಾತ್ರ.
ಲೋಬಾನದ ಧೂಪಕ್ಕಂತೆ.
ನಿನ್ನೆ ಒಂದು ತುಂಡು ನನ್ನ ಅಂಗೈಗಿಟ್ಟು ಏನೋ ಕೇಳಿದಳು.
ನನ್ನ ಅರಬಿ ಅರೆಬರೆ.
ನಿಮ್ಮಲ್ಲಿ ಇದಕ್ಕೇನಂತೀರಿ, ಅಂತಿರಬೇಕು.
ಜಾಲಿ, ಅಂದೆ.
ಜಾಲಿ, ಅಂದಳು, ಡಬ್ಬಿಯ ಮುಚ್ಚಳ ಒತ್ತುತ್ತ.