ಇಲ್ಲದ ಬೆರಳಿನ ಅಳತೆ

ಬಲೆಗೂ ಕಣ್ಣು ಅನ್ನುತ್ತೇವೆ ನಾವು.
ಎರಡು ಬೆರಳಿನ ಕಣ್ಣು, ಮೂರು ಬೆರಳಿನ ಕಣ್ಣು,
ದೊಡ್ಡ ಗೆಂಡೆಗೆ ನಾಲ್ಕು.
ಅಂಗಡಿಯವನು ಅನ್ನುವುದು ಎಂಎಂ.

ಸೂಳೆಕೆರೆಯ ದಂಡೆಯಲ್ಲಿ ಕೂತು
ಹರಿದದ್ದನ್ನು ಕೂಡಿಸುವವನು ನಾನು.
ಎಡಗಾಲ ಹೆಬ್ಬೆರಳಿಗೆ ಬಲೆಯ ಅಂಚು,
ಬಲಗೈಯಲ್ಲಿ ಸೂಜಿ, ದವಡೆಯಲ್ಲಿ ಎಲೆಯಡಿಕೆ.
ಕೇಳುವವರಿಗೆ ಕತೆ, ಕೇಳದವರಿಗೆ ಕೆಮ್ಮು.

ಅಜ್ಜ ಕೆಂಚಪ್ಪನ ಕಾಲಕ್ಕೆ
ಬಲೆಗಿಂತ ಕೂಳಿಯೇ ದೊಡ್ಡದು.
ಬಿದಿರು ಸೀಳಿ ಹೆಣೆದ ಹೊಟ್ಟೆ,
ಒಳಹೋಗಲು ಬಾಗಿಲು, ಹೊರಬರಲು ಮುಳ್ಳು.
ತೂಬಿನ ಬಾಯಿಗೆ ಸಂಜೆ ಇಟ್ಟು ಬಂದರೆ
ಬೆಳಗಿನ ತನಕ ನೀರೇ ದುಡಿಯುತ್ತಿತ್ತು.
"ಕೂಳಿ ಇಟ್ಟವನು ನಿದ್ದೆ ಹೊಡೀಬಹುದು,
ಗಾಳ ಹಾಕಿದವನು ಆಕಳಿಸಲೂ ಬಾರದು" ಅನ್ನುತ್ತಿದ್ದನಂತೆ.
ಬೀಸುಬಲೆಗೆ ಮಣ್ಣಿನ ಗುಂಡು,
ಕುಂಬಾರರ ಆವಿಗೆಯಲ್ಲಿ ಗಡಿಗೆಗಳ ಸಂದಿಗೆ ತೂರಿಸಿ ಸುಟ್ಟುಕೊಂಡದ್ದು.
ಬೇಸಿಗೆಗೆ ಕೆರೆ ಹಿಂದೆ ಸರಿದಾಗ
ಈಗಲೂ ಕೆಸರಲ್ಲಿ ಒಂದೆರಡು ಸಿಗುತ್ತವೆ,
ತೂತು ಬಿದ್ದ ಗೋಲಿಯಂಥವು.
ಯಾರ ಬಲೆಯವೋ.

ಆಮೇಲೆ ಬಂದದ್ದು ದಾವಣಗೆರೆಯ ನೂಲು.
ಅವ್ವ ಉಚ್ಚೆಂಗೆವ್ವ ಹತ್ತಿ ಮಿಲ್ಲಿನಲ್ಲಿದ್ದಳು.
ವಾರವಿಡೀ ಸೈರನ್ನು, ಮೂಗಿನೊಳಗೆ ಅರಳೆ,
ಶನಿವಾರದ ಬಸ್ಸಿಗೆ ಊರು.
ಕಂಕುಳಲ್ಲಿ ತೂಕಕ್ಕೆ ಕೊಂಡ ತುಂಡುನೂಲಿನ ಗಂಟು.
ಅದನ್ನು ಮೂರೆಳೆ ಹುರಿ ಹೊಸೆದು,
ತಂಗಡಿ ತೊಗಟೆ ಕುದಿಸಿದ ಕೆಂಪು ನೀರಲ್ಲಿ ಅದ್ದಿ
ಬೇಲಿಯ ಮೇಲೆ ಹರವಿದರೆ
ಇಡೀ ಓಣಿಗೆ ಚರ್ಮ ಹದ ಮಾಡುವ ವಾಸನೆ.

ಒಂದು ಮಧ್ಯಾಹ್ನ ಯಂತ್ರದ ಹಲ್ಲು
ಅವಳ ಎಡಗೈಯ ಕಿರುಬೆರಳನ್ನು ಬುಡಸಹಿತ ತೆಗೆದುಕೊಂಡಿತು.
ಹದಿನೈದು ದಿನ ರಜೆ.
ಹದಿನೈದು ದಿನವೂ ಬಲೆ ಹೆಣೆದಳು.

ನಾಲ್ಕು ಬೆರಳಿನ ಕಣ್ಣಿಗೆ ಈಗ ಮೂರೇ ಬೆರಳು.
ಪಕ್ಕದಲ್ಲೇ ಕೂತು ನೋಡಿದ್ದೇನೆ:
ಮೂರರ ಸುತ್ತ ನೂಲು ತಂದು,
ಅಲ್ಲಿ ಒಂದು ಕ್ಷಣ ನಿಂತು,
ಇಲ್ಲದ ಬೆರಳಿಗೆ ಜಾಗ ಬಿಟ್ಟು
ಆಮೇಲೆ ಗಂಟು ಬಿಗಿಯುತ್ತಿದ್ದಳು.
ಊದಿಕೊಂಡಿದ್ದಾಗಿನ ಬೆರಳನ್ನು ನೆನೆದಳೋ ಏನೋ,
ಕಣ್ಣು ಒಂದು ಕೂದಲು ದೊಡ್ಡದೇ ಆಗುತ್ತಿತ್ತು.
ಸಂತೆಯಲ್ಲಿ ಬುಟ್ಟಿ ಕೆದಕಿ ಹಿರಿಯರು ಹೇಳುತ್ತಿದ್ದರು:
"ಇದರಾಗೆ ಮರಿ ಇಲ್ಲ. ಉಚ್ಚೆಂಗೆವ್ವನ ಬಲೆ."
ಹೊಗಳಿಕೆಯೋ ಚೇಷ್ಟೆಯೋ, ಅವಳು ಕೇಳಲಿಲ್ಲ.

ನೈಲಾನ್ ಬಂತು. ಮಿಲ್ಲಿಗೆ ಬೀಗ ಬಿತ್ತು.
ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ,
ಓದಿದವರು ಹೇಳಬೇಕು.
ನೆನೆಯದು, ಕೊಳೆಯದು, ತೊಗಟೆ ಬೇಡದು.
ಬೆಂಡು ಹೋಗಿ ಥರ್ಮಾಕೋಲ್, ಮಣ್ಣು ಹೋಗಿ ಸೀಸ,
ಹರಿಗೋಲಿನ ಎಮ್ಮೆದೊಗಲು ಹೋಗಿ
ಡಾಂಬರು ಬಳಿದ ಗೊಬ್ಬರದ ಚೀಲ.
ನಾನೂ ಖುಷಿಪಟ್ಟೆ. ಸುಳ್ಳು ಯಾಕೆ.

ಈಗ ಟೆಂಡರು ಹಿಡಿದವನ ಮಗ ತಿಪ್ಪೇಶ
ದೋಣಿಯಲ್ಲೊಂದು ಪುಟ್ಟ ಪರದೆ ಇಟ್ಟುಕೊಂಡಿದ್ದಾನೆ.
ನೀರೊಳಗಿನ ಮೀನು ಅದರಲ್ಲಿ
ಕತ್ತರಿಸಿ ಎಸೆದ ಉಗುರಿನ ಹಾಗೆ ಕಾಣುತ್ತದೆ.
ಮೊನ್ನೆ ನನ್ನನ್ನೂ ಕೂರಿಸಿಕೊಂಡು ಹೋದ.
ತಳದಲ್ಲಿ ಏನೋ ಕಪ್ಪಗೆ, ಗೋಡೆಯಂತೆ.
"ಬಂಡೆ" ಅಂದ.
ಪಾತಾಳಗರಡಿ ಇಳಿಸಿ ಎಳೆದೆವು:
ಯಾರೋ ಎಂದೋ ಕಳಕೊಂಡ ನೈಲಾನ್ ಬಲೆ.
ಯಜಮಾನನಿಲ್ಲದೆ ಹಿಡಿಯುತ್ತಲೇ ಇತ್ತು
ಮೀನಿನ ಮುಳ್ಳು, ಪೊರೆ, ನೀರುಕಾಗೆಯ ಒಂದು ರೆಕ್ಕೆ,
ಇನ್ನೂ ಕಿವಿರಾಡಿಸುತ್ತಿದ್ದ ಒಂದು ಬಾಳೆಮೀನು.

ಹತ್ತಿಯದಾಗಿದ್ದರೆ ಮೂರು ಮಳೆಗಾಲಕ್ಕೆ
ನೀರು ಉಂಡು ಮುಗಿಸಿರುತ್ತಿತ್ತು.
ಅದಕ್ಕೆ ಸಾಯಲು ಬರುತ್ತಿತ್ತು.

ಕಣ್ಣಿಗೆ ಬೆರಳಿಟ್ಟು ಅಳೆದೆ. ಒಂದೂವರೆ.
ಅರ್ಧ ಬೆರಳು ಯಾರದು?

ಬ್ಲೇಡು ಕೇಳಿ ಇಸಕೊಂಡು ಎಳೆಗಳನ್ನು ಕೊಯ್ದೆ.
"ಕಾಕಾ, ಎರಡು ಕೇಜಿ ತೂಗ್ತದೆ, ಗಟ್ಟಿ ಹಿಡ್ಕೋ" ಅಂದ ತಿಪ್ಪೇಶ.
ಬಾಳೆಮೀನು ಜಾರಿತು.
ಬೇಕಂತಲೇ ಬಿಟ್ಟೆ ಎಂದು ಅವನು ಊರೆಲ್ಲ ಹೇಳುತ್ತಿದ್ದಾನೆ.
ನನಗೂ ಸರಿಯಾಗಿ ಗೊತ್ತಿಲ್ಲ.
ಗಟ್ಟಿಯಾಗೇ ಹಿಡಿದಿದ್ದೆ.
ಕಿರುಬೆರಳ ಹತ್ತಿರ ಸ್ವಲ್ಪ ಜಾಗ ಇತ್ತು.